ಹೊಸ ಬ್ಯಾಟರಿಯೂ ಡೌನ್: ಬೈಕಿನ ಚಾರ್ಜಿಂಗ್ ದೋಷ ಹುಡುಕುವುದು ಎಲ್ಲಿಂದ?

ಪ್ರಶ್ನೆ: ಬ್ಯಾಟರಿ ಹೊಸದು, ಆದರೂ ಪದೇ ಪದೇ ಡೌನ್ ಆಗುತ್ತಿದೆ. ಸೆಲ್ಫ್ ಒತ್ತಿದರೆ ಟಿಕ್ ಟಿಕ್ ಸದ್ದಷ್ಟೇ. ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್: ಎಸಿ ಕರೆಂಟನ್ನು ಡಿಸಿ ಮಾಡಿ, ವೋಲ್ಟೇಜನ್ನು ಹಿಡಿತದಲ್ಲಿಡುವ ಭಾಗ) ಹೋಗಿದೆ, ಬದಲಿಸಿ ಎನ್ನುತ್ತಿದ್ದಾರೆ. ನನ್ನ ಹತ್ತಿರ ಡಿಜಿಟಲ್ ಮಲ್ಟಿಮೀಟರ್ ಇದೆ. ದುಡ್ಡು ಹಾಕುವ ಮೊದಲು ನಾನೇ ಏನೇನು ನೋಡಬಹುದು?

ಉತ್ತರ: ಮೊದಲು ಬ್ಯಾಟರಿಯನ್ನು ಹೊರಗಿನ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ. ಅದರ ಆಂಪಿಯರ್-ಅವರ್‌ನ (ಎಎಚ್, ಬ್ಯಾಟರಿಯ ಸಾಮರ್ಥ್ಯ) ಹತ್ತನೇ ಒಂದು ಭಾಗ ಕರೆಂಟು ಸಾಕು. 9 ಎಎಚ್ ಬ್ಯಾಟರಿಗೆ 0.9 ಆಂಪಿಯರ್. ಚಾರ್ಜರ್ ಕಳಚಿ ಕೆಲವು ಗಂಟೆ ಬಿಟ್ಟು ಅಳೆದರೆ 12.6ರಿಂದ 12.8 ವೋಲ್ಟ್ ಇರಬೇಕು. ಸೆಲ್ಫ್ ಒತ್ತಿದ ಗಳಿಗೆಯಲ್ಲಿ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೇ ಅನುಮಾನ ಪಡಿ. ಅರ್ಧ ಖಾಲಿ ಬ್ಯಾಟರಿ ಇಟ್ಟುಕೊಂಡು ಮುಂದೇನು ಅಳೆದರೂ ಅದು ದಾರಿ ತಪ್ಪಿಸುತ್ತದೆ.

ಆಮೇಲೆ ಎಂಜಿನ್ ಬಿಸಿ ಮಾಡಿ, ಹೈಬೀಮ್ ಹಾಕಿ, 5000 ಆರ್‌ಪಿಎಂವರೆಗೆ ರೇಸ್ ಮಾಡುತ್ತಾ ಬ್ಯಾಟರಿ ಟರ್ಮಿನಲ್‌ಗಳ ಮೇಲೇ ಅಳೆಯಿರಿ. 13.8ರಿಂದ 14.6 ಬಂದರೆ ಚಾರ್ಜಿಂಗ್ ಸರಿಯಿದೆ. 13.2 ದಾಟುತ್ತಿಲ್ಲ ಎಂದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ. ಗಾಡಿ ಓಡಿಸಬೇಡಿ, ಬ್ಯಾಟರಿ ಕುದಿದು ಹಾಳಾಗುತ್ತದೆ. ಐಡಲ್‌ನಲ್ಲಿ 13ರ ಆಸುಪಾಸು ತೋರಿಸಿದರೆ ಗಾಬರಿ ಬೇಡ.

ಎಂಜಿನ್ ಓಡುತ್ತಿರುವಾಗ ಟರ್ಮಿನಲ್ ಬಿಚ್ಚಿ ನೋಡುವ ಹಳೇ ಪರೀಕ್ಷೆಯನ್ನು ದಯವಿಟ್ಟು ಮಾಡಬೇಡಿ. ವೋಲ್ಟೇಜ್ ಏಕಾಏಕಿ ಏರಿ ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸುಟ್ಟುಹೋಗಬಹುದು.

ಇನ್ನೊಂದು ಉತ್ತರ: ಮೇಲಿನ ಕ್ರಮ ಸರಿ. ಅದರ ಬೆನ್ನಿಗೇ ಕಪ್ಲರ್‌ಗಳನ್ನು (ವೈರು ಜೋಡಿಸುವ ಪ್ಲಾಸ್ಟಿಕ್ ಪ್ಲಗ್ಗುಗಳು) ನೋಡಿ. ಮ್ಯಾಗ್ನೆಟ್ ಕಾಯಿಲಿನಿಂದ (ಸ್ಟೇಟರ್, ಎಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಸುರುಳಿ) ಬರುವ ಮೂರು ಹಳದಿ ವೈರುಗಳ ಕಪ್ಲರ್, ಯೂನಿಟ್ಟಿನಿಂದ ಹೊರಡುವ ಕೆಂಪು ವೈರಿನ ಕಪ್ಲರ್, ಮುಖ್ಯ ಫ್ಯೂಸಿನ ಹೋಲ್ಡರ್. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಪಿನ್ ಹಸಿರುಗಟ್ಟಿದ್ದರೆ, ಆರ್‌ಆರ್ ಯೂನಿಟ್ ಕೊಳ್ಳುವ ಯೋಚನೆ ಅಲ್ಲಿಗೇ ನಿಲ್ಲಿಸಿ.

ಕಣ್ಣಿಗೆ ಕಾಣದ ದೋಷಕ್ಕೆ ಮೀಟರನ್ನು ಡಿಸಿ ವೋಲ್ಟಿಗಿಡಿ. 5000 ಆರ್‌ಪಿಎಂನಲ್ಲಿ ಒಂದು ಮೊನೆ ಯೂನಿಟ್ಟಿನ ಕೆಂಪು ಔಟ್‌ಪುಟ್ ಮೇಲೆ, ಇನ್ನೊಂದು ಬ್ಯಾಟರಿ ಪಾಸಿಟಿವ್ ಮೇಲೆ. 0.3 ವೋಲ್ಟಿಗಿಂತ ಹೆಚ್ಚು ಬಂದರೆ ದಾರಿಯಲ್ಲೆಲ್ಲೋ ವೋಲ್ಟೇಜ್ ಕಳೆದುಹೋಗುತ್ತಿದೆ. ಅರ್ತ್ ಕಡೆಯೂ ಹೀಗೇ: ಯೂನಿಟ್ಟಿನ ಕಪ್ಪು ವೈರಿನಿಂದ ಬ್ಯಾಟರಿ ನೆಗೆಟಿವ್‌ಗೆ. ಓಮ್ಸ್ ರೇಂಜಿನಲ್ಲಿ ಇದು ಸಿಗುವುದಿಲ್ಲ, ಲೋಡ್ ಬಿದ್ದಾಗಲೇ ತೋರುತ್ತದೆ.

ಕೇಳಿದವರು: ಬ್ಯಾಟರಿ ನಿಂತಾಗ 12.7, 5000ದಲ್ಲಿ 12.9. ಅದೇ ಹೊತ್ತಿನಲ್ಲಿ ಯೂನಿಟ್ಟಿನ ಬಾಯಲ್ಲೇ 14.2! ಕೆಂಪು ವೈರಿನುದ್ದಕ್ಕೂ 1.1, ಅರ್ತ್‌ನಲ್ಲಿ 0.2. ಕೆಂಪು ಕಪ್ಲರ್ ಮುಟ್ಟಲಾಗದಷ್ಟು ಬಿಸಿ.

ಉತ್ತರ: ಯೂನಿಟ್ ತನ್ನ ಕೆಲಸ ಮಾಡುತ್ತಿದೆ. ಎಷ್ಟೋ ಯೂನಿಟ್‌ಗಳು ತಮ್ಮ ಔಟ್‌ಪುಟ್ಟಿನಲ್ಲೇ ವೋಲ್ಟೇಜ್ ನೋಡಿಕೊಳ್ಳುತ್ತವೆ. 14.2 ಕಂಡೊಡನೆ ಸಾಕೆಂದು ತಡೆಯುತ್ತವೆ. ಬ್ಯಾಟರಿಗೆ ಅಷ್ಟು ತಲುಪಿಲ್ಲವೆಂಬುದು ಅವಕ್ಕೆ ತಿಳಿಯದು. 10 ಆಂಪಿಯರ್ ಹರಿದರೆ ಆ 1.1 ವೋಲ್ಟ್ ಎಂದರೆ 11 ವಾಟ್ ಶಾಖ, ಹೆಚ್ಚಿನದು ಆ ಪುಟ್ಟ ಪಿನ್ನಿನಲ್ಲೇ. ಬಿಸಿಗೆ ಪಿನ್ ಸಡಿಲ, ಸಡಿಲಕ್ಕೆ ಮತ್ತಷ್ಟು ಬಿಸಿ.

ಪಿನ್ ಉಜ್ಜಿ ಮತ್ತೆ ಹಾಕುವುದು ಹೆಚ್ಚು ದಿನ ಬಾಳದು, ಅದರ ಸ್ಪ್ರಿಂಗ್ ಬಿಗಿ ಹೋಗಿರುತ್ತದೆ. ತಾಮ್ರ ಫಳಫಳ ಕಾಣುವವರೆಗೆ ವೈರು ಕತ್ತರಿಸಿ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಸರಿಯಾದ ಕ್ರಿಂಪ್ (ಒತ್ತಿ ಕೂರಿಸುವ ಲೋಹದ ತುದಿ) ಹಾಕಿ, ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಏರಿಸಿ. ಇಲ್ಲವೇ ಯೂನಿಟ್ಟಿನಿಂದ ಬ್ಯಾಟರಿಗೇ ನೇರವಾಗಿ 2.5 ಚದರ ಮಿಲಿಮೀಟರಿನ ಹೊಸ ವೈರು ಎಳೆಯಿರಿ. ಅದಕ್ಕೊಂದು ಫ್ಯೂಸ್ ಇರಲೇಬೇಕು, ಮೂಲ ಫ್ಯೂಸಿನಷ್ಟೇ ಆಂಪಿಯರಿನದು, ಬ್ಯಾಟರಿಯ ಪಕ್ಕದಲ್ಲೇ. ವೈರು ಎಲ್ಲಾದರೂ ಬಾಡಿಗೆ ತಾಗಿದರೆ ಕರೆಂಟು ನುಗ್ಗಿ ಬರುವುದು ಬ್ಯಾಟರಿಯಿಂದ. ಅರ್ತ್ ವೈರನ್ನೂ ಜೊತೆಗೇ ಎಳೆದುಬಿಡಿ.

ಇನ್ನೊಂದು ಉತ್ತರ: ಇದೇ ಲಕ್ಷಣವಿದ್ದೂ ವೈರು ಸರಿಯಿರುವವರಿಗಾಗಿ. ಹಳದಿ ಕಪ್ಲರ್ ಕಳಚಿ ಕಾಯಿಲ್ ನೋಡಿ. ಎರಡೆರಡು ವೈರುಗಳ ನಡುವೆ ಸಾಮಾನ್ಯವಾಗಿ 0.2ರಿಂದ 1 ಓಮ್, ಮೂರು ಜೋಡಿಯೂ ಒಂದೇ ಸಮ. ಮೀಟರಿನ ಮೊನೆಗಳನ್ನು ತಾಗಿಸಿದಾಗ ಬರುವ ಓಮ್ ಕಳೆಯಲು ಮರೆಯಬೇಡಿ. ಯಾವ ಹಳದಿ ವೈರೂ ಬಾಡಿಗೆ ಕಂಟಿನ್ಯುಟಿ (ವಿದ್ಯುತ್ ಸಂಪರ್ಕ) ತೋರಿಸಬಾರದು. ಎಂಜಿನ್ ಓಡಿಸಿ ಎಸಿ ವೋಲ್ಟ್ ಅಳೆದರೆ 5000ದಲ್ಲಿ ಹೆಚ್ಚಿನ ಬೈಕುಗಳಲ್ಲಿ 50ಕ್ಕಿಂತ ಮೇಲೆ, ಮೂರೂ ಸಮ. ಈ ಹೊತ್ತಿನಲ್ಲಿ ಬರಿಗೈಯಲ್ಲಿ ಪಿನ್ ಮುಟ್ಟಬೇಡಿ. ಒಂದು ಜೋಡಿ ಮಾತ್ರ ಇಳಿದಿದ್ದರೆ ಕಾಯಿಲ್ ಸುಟ್ಟಿದೆ. ಕೆಲವು ಹಳೇ ಸಣ್ಣ ಬೈಕುಗಳಲ್ಲಿ ಕಾಯಿಲಿನ ಒಂದು ತುದಿಯನ್ನು ಬೇಕೆಂದೇ ಅರ್ತ್ ಮಾಡಿರುತ್ತಾರೆ. ಅಲ್ಲಿ ಬಾಡಿ ಪರೀಕ್ಷೆ ನಡೆಯದು.

ಹೊಸ ಕಾಯಿಲ್ ಹಾಕುವವರು ಯೂನಿಟ್ಟನ್ನೂ ಪರೀಕ್ಷಿಸಲೇಬೇಕು. ಡಯೋಡ್ ರೇಂಜಿನಲ್ಲಿ ಪ್ರತಿ ಹಳದಿಯಿಂದ ಕೆಂಪಿಗೆ ಒಂದು ದಿಕ್ಕಿನಲ್ಲಿ ಸುಮಾರು 0.5, ತಿರುಗಿಸಿ ಹಿಡಿದರೆ ಓಪನ್. ಎರಡೂ ಕಡೆ ಸೊನ್ನೆ ಬಂದರೆ ಒಳಗೆ ಶಾರ್ಟ್. ಅದನ್ನೇ ಉಳಿಸಿಕೊಂಡರೆ ಹೊಸ ಕಾಯಿಲೂ ಸುಡುತ್ತದೆ.

ಕೊನೆಗೊಂದು ಸೇರಿಕೆ: ಓಡುವಾಗ 14 ಬಂದರೂ ನಿಂತಲ್ಲೇ ಡೌನ್ ಆದರೆ ಕರೆಂಟಿನ ಸೋರಿಕೆ ನೋಡಿ. ಕೀ ಆಫ್ ಮಾಡಿ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲಿಗೂ ಟರ್ಮಿನಲಿಗೂ ನಡುವೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಸೇರಿಸಿ, ಬಳಿಕ ಮಿಲಿ ಆಂಪಿಯರಿಗೆ ಇಳಿಸಿ. ಅಲಾರ್ಮ್ ಇಲ್ಲದ ಬೈಕಿನಲ್ಲಿ ಕೆಲವೇ ಮಿಲಿ ಆಂಪಿಯರ್ ಇರಬೇಕು. ಮೀಟರ್ ಹಾಗೇ ಇದ್ದಾಗ ಕೀ ಆನ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಬನ್ನಿ. ಯಾವುದನ್ನು ಕಿತ್ತಾಗ ಇಳಿಯಿತೋ ಸೋರುತ್ತಿರುವುದು ಆ ಲೈನು. ಯಾವ ಫ್ಯೂಸಿಗೂ ಇಳಿಯದಿದ್ದರೆ ಆರ್‌ಆರ್ ಯೂನಿಟ್ ಕಳಚಿ ನೋಡಿ, ಒಳಗಿನ ಡಯೋಡ್ ಹಿಂದಕ್ಕೆ ಸೋರುತ್ತಿರಬಹುದು.