ಪ್ರಿಂಟರ್ ಒಂದೇ, ಕಂಪ್ಯೂಟರ್ ಮೂರು ನಮೂನೆ: ಎಲ್ಲರಿಗೂ ‘ಅನುಮತಿ ಇಲ್ಲ’

ಕೇಶ್ವಾಪುರದ ಲೆಕ್ಕದಾಕೆ, ಹುಬ್ಬಳ್ಳಿ

ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ 19 ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಕಂಪ್ಯೂಟರ್ ದುರಸ್ತಿ ನನ್ನ ಕೆಲಸವಲ್ಲ. ಆದರೆ ‘ಅಕ್ಕಾ, ಪ್ರಿಂಟ್ ಬರುತ್ತಿಲ್ಲ’ ಎಂಬ ಕೂಗೆದ್ದರೆ ಕುರ್ಚಿ ಬಿಟ್ಟು ಏಳಬೇಕಾದವಳು ನಾನೇ.

ಮೊದಲು ಪ್ರಿಂಟರ್ ಒಂದು ಹಳೆಯ ವಿಂಡೋಸ್ 10 ಯಂತ್ರಕ್ಕೆ ಯುಎಸ್‌ಬಿ ತಂತಿಯಲ್ಲಿ ಜೋಡಿಸಿತ್ತು. ಅಲ್ಲಿಂದ ಎಲ್ಲರಿಗೂ ಶೇರ್ ಆಗಿತ್ತು, ಯಾರ ತಕರಾರೂ ಇರಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಆಗ ಶುರುವಾಯಿತು ನಮ್ಮ ಗ್ರಹಚಾರ. ಎರಡು ಹಳೆಯ ಯಂತ್ರಗಳು 11ಕ್ಕೆ ಏರಲು ಒಪ್ಪಲಿಲ್ಲ. ಸಾಹೇಬರ ಅಳಿಯ ಒಂದು ಭಾನುವಾರ ಬಂದು ಎರಡಕ್ಕೂ ವಿಂಡೋಸ್ ಬದಲು ಉಬುಂಟು ಎಂಬ ಉಚಿತ ಲಿನಕ್ಸ್ ವ್ಯವಸ್ಥೆ ಹಾಕಿ ಹೋದರು. ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿಗೆಂದು ವಿಂಡೋಸ್ 11 ಪ್ರೊ ಇರುವ ಹೊಸ ಕಂಪ್ಯೂಟರ್ ಬಂತು, ಪ್ರಿಂಟರ್ ಅದರ ಪಕ್ಕಕ್ಕೆ ಹೋಯಿತು. ಇನ್ನೆರಡು ವಿಂಡೋಸ್ 11 ಇವೆ. ಸಾಹೇಬರ ಮೇಜಿನ ಮೇಲೆ ಮ್ಯಾಕ್‌ಬುಕ್.

ಈಗಿನ ಸ್ಥಿತಿ ಹೀಗಿದೆ. ಉಬುಂಟುವಿನಿಂದ ಪ್ರಿಂಟ್ ಕೊಟ್ಟರೆ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಟ್ಯಾಲಿ ಕಂಪ್ಯೂಟರ್ ತೆರೆಯುವ ನಾಲ್ಕಂಕಿಯ ಪಿನ್ ಹಾಕುತ್ತೇನೆ. ಮತ್ತೆ ಕೇಳುತ್ತದೆ. ಮತ್ತೆ ಹಾಕುತ್ತೇನೆ. ಕೊನೆಗೆ ‘ದೃಢೀಕರಣ ಬೇಕು’ ಎಂದು ಸಾಲಿನಲ್ಲಿ ನಿಂತುಬಿಡುತ್ತದೆ. ಮ್ಯಾಕ್‌ನಲ್ಲೂ ಇದೇ ಕಥೆ. ಹೊಸದಾಗಿ ಸೇರಿದ ಹುಡುಗಿಯ ವಿಂಡೋಸ್‌ನಲ್ಲಿ ಡ್ರೈವರ್ (ಪ್ರಿಂಟರ್ ನಡೆಸುವ ತಂತ್ರಾಂಶ) ಹಾಕಲು ಅಡ್ಮಿನಿಸ್ಟ್ರೇಟರ್ ಬೇಕು ಎನ್ನುತ್ತದೆ.

ಕಳೆದ ವಾರ ರಿಪೇರಿ ಹುಡುಗನನ್ನು ಕರೆಸಿದೆವು. ಅವನು ಪಾಸ್‌ವರ್ಡ್ ಕೇಳುವ ಸೆಟ್ಟಿಂಗ್ ಅನ್ನೇ ಆಫ್ ಮಾಡಿದ. ಕೂಡಲೇ ಉಬುಂಟುವಿನಿಂದ ಪ್ರಿಂಟ್ ಬಂತು, ಆದರೆ ಬಂದದ್ದು ಬ್ಯಾಲೆನ್ಸ್ ಶೀಟ್ ಅಲ್ಲ. ಮೊದಲ ಹಾಳೆಯ ನೆತ್ತಿಯಲ್ಲಿ ಒಂದು ಶೇಕಡಾ ಚಿಹ್ನೆ, ಒಂದು ಆಶ್ಚರ್ಯಸೂಚಕ. ಅದರ ಕೆಳಗೆ ಇರುವೆ ಸಾಲಿನಂತೆ ಇಂಗ್ಲಿಷ್ ಅಕ್ಷರ, ಅಂಕಿ, ಆವರಣ. ಸ್ವಿಚ್ ಆರಿಸುವಷ್ಟರಲ್ಲಿ 40 ಹಾಳೆ ಹೊರಗೆ ಬಂದಿದ್ದವು. ಗಿರಾಕಿಗಳ ಲೆಕ್ಕವೇನೂ ಅದರಲ್ಲಿರಲಿಲ್ಲ, ಹಾಗಾಗಿ ಕೆಳಗಿನ ಗಿರ್ಮಿಟ್ ಅಂಗಡಿಗೆ ಕೊಟ್ಟೆ. ಇತ್ತ ವಿಂಡೋಸ್ 11 ಯಂತ್ರಗಳು ಹಾಗೆ ತೆರೆದಿಟ್ಟ ಬಾಗಿಲಿನೊಳಗೆ ಹೋಗಲೇ ಒಪ್ಪಲಿಲ್ಲ. ಹುಡುಗ ಎಲ್ಲವನ್ನೂ ಮೊದಲಿನಂತೆ ಮಾಡಿ ‘ನಾಳೆ ಬರುತ್ತೇನೆ’ ಎಂದು ಹೋದವನು ಇನ್ನೂ ಬಂದಿಲ್ಲ.

20ನೇ ತಾರೀಖಿನೊಳಗೆ ಜಿಎಸ್‌ಟಿಯ ಮಾಸಿಕ ರಿಟರ್ನ್ ಜಿಎಸ್‌ಟಿಆರ್-3ಬಿ ಮುಗಿಸಬೇಕು. ಸಲ್ಲಿಕೆ ಆನ್‌ಲೈನ್ ನಿಜ, ಆದರೆ ನಮ್ಮ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳಿಗೆ ಮೊಬೈಲ್‌ಗೆ ಬಂದ ಪಿಡಿಎಫ್ ಲೆಕ್ಕಕ್ಕಿಲ್ಲ, ಕಾಗದ ಕೈಯಲ್ಲಿರಬೇಕು. ಸದ್ಯ ಪೆನ್‌ಡ್ರೈವ್ ಹಿಡಿದು ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದೇನೆ. ದಾರಿ ಹೇಳಿ.

ರಾಣೆಬೆನ್ನೂರಿನವ

ಇದಕ್ಕೆ ಇಷ್ಟು ತಲೆಬಿಸಿ ಬೇಡ ಮೇಡಂ. ಪಾಸ್‌ವರ್ಡ್ ಶೇರಿಂಗ್ ಆಫ್ ಮಾಡಿ, ಶೇರ್ ಆದ ಪ್ರಿಂಟರ್‌ಗೆ ಸೇರಲಾಗದೆ ವಿಂಡೋಸ್‌ನಲ್ಲಿ 11ಬಿ ದೋಷ ಬಂದರೆ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಕಡತ) ಪ್ರಿಂಟ್ ಸಂಪರ್ಕವನ್ನು ಕಾಯುವ ಆರ್‌ಪಿಸಿ ಪ್ರೈವೆಸಿ ಕೀಲಿಯನ್ನು ಸೊನ್ನೆ ಮಾಡಿ. ನಮ್ಮ ಬೀಜದ ಗೋದಾಮಿನಲ್ಲಿ ನಾಲ್ಕು ವರ್ಷದಿಂದ ಹಾಗೆಯೇ ನಡೆದಿದೆ.

ಬೆಟಗೇರಿ ಮೆಕ್ಯಾನಿಕ್

ಅಣ್ಣಾ, ನಡೆದಿರಬಹುದು, ಬೀಗ ಹಾಕದ ಮನೆಗೂ ಎಷ್ಟೋ ವರ್ಷ ಕಳ್ಳ ಬರುವುದಿಲ್ಲ. ತೆರಿಗೆ ಕಚೇರಿಗೆ ಆ ಸಲಹೆ ಬೇಡ. 2021ರ ಜುಲೈನಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ದೋಷ ಬಯಲಾದಾಗ, ಪ್ರಿಂಟ್‌ಗಳನ್ನು ಸಾಲಿನಲ್ಲಿ ನಿಲ್ಲಿಸಿ ಕಳಿಸುವ ವಿಂಡೋಸ್‌ನ ಪ್ರಿಂಟ್ ಸ್ಪೂಲರ್ ಮೂಲಕವೇ ಇಡೀ ಕಂಪ್ಯೂಟರ್ ಕೈವಶ ಮಾಡಿಕೊಳ್ಳಬಹುದು ಎಂದು ಜಗತ್ತಿಗೆ ಗೊತ್ತಾಯಿತು. ಆ ಆಗಸ್ಟ್‌ನಿಂದ ಸಾಮಾನ್ಯ ಬಳಕೆದಾರರು ಪ್ರಿಂಟರ್ ಡ್ರೈವರ್ ಹಾಕುವಂತಿಲ್ಲ. ಅಕ್ಕಾ, ನಿಮ್ಮ ಹೊಸ ಹುಡುಗಿಗೆ ಬಂದ ಅಡ್ಡಿ ಇದೇ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಗೊತ್ತಿರುವವರು ಒಮ್ಮೆ ಬಂದು ಆ ಯಂತ್ರದಲ್ಲಿ ಡ್ರೈವರ್ ಹಾಕಿಕೊಟ್ಟರೆ ಮುಗಿಯಿತು. ತೆರೆದ ಬಾಗಿಲಿನ ವಿಷಯವೂ ಅಷ್ಟೇ: 24ಎಚ್2 ಆವೃತ್ತಿಯಿಂದ ವಿಂಡೋಸ್ 11 ಪ್ರೊ ಹೆಸರಿಲ್ಲದ ಅತಿಥಿಯಾಗಿ ಇನ್ನೊಂದು ಯಂತ್ರದೊಳಗೆ ಹೋಗುವುದಿಲ್ಲ.

ನಿಮ್ಮ ಮುಖ್ಯ ಗಂಟು ಪಿನ್‌ನಲ್ಲಿದೆ. ಗದಗಿನ ಮುದ್ರಣಾಲಯಗಳಿಗೆ ಹೋದಲ್ಲೆಲ್ಲ ಇದನ್ನೇ ನೋಡುತ್ತೇನೆ. ವಿಂಡೋಸ್‌ನ ಪಿನ್ ಆ ಪೆಟ್ಟಿಗೆಯ ಮುಂದೆ ಕುಳಿತವರಿಗೆ ಮಾತ್ರ. ನೆಟ್‌ವರ್ಕ್ ಮೂಲಕ ಬಂದವರು ಪಿನ್ ಕೊಟ್ಟರೆ ಅದಕ್ಕೆ ಬೆಲೆಯಿಲ್ಲ, ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಖಾಲಿ ಬಿಟ್ಟ ಖಾತೆಯೂ ನಡೆಯುವುದಿಲ್ಲ. ಪಿನ್ ಇಟ್ಟ ಮೇಲೆ ಎಲ್ಲರೂ ಪಾಸ್‌ವರ್ಡ್ ಮರೆಯುತ್ತಾರೆ, ಅದು ಬೇರೆ ಮಾತು.

ಸಾಹೇಬರ ಖಾತೆಯ ಪಾಸ್‌ವರ್ಡ್ ಹುಡುಕಲು ಹೋಗಬೇಡಿ. ಟ್ಯಾಲಿ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ಖಾತೆ ಇಲ್ಲದ, ಅಡ್ಮಿನಿಸ್ಟ್ರೇಟರ್ ಅಲ್ಲದ ಒಬ್ಬ ಹೊಸ ಬಳಕೆದಾರನನ್ನು ಸೃಷ್ಟಿಸಿ. ಹೆಸರು ‘ಮುದ್ರಣ’ ಎಂದಿರಲಿ, ಇಂಗ್ಲಿಷ್ ಸಣ್ಣಕ್ಷರದಲ್ಲಿ. ಪಾಸ್‌ವರ್ಡ್ ಕೊಡಿ, ಪಿನ್ ಬೇಡ. ಉಬುಂಟುವಿನಲ್ಲಿ ಇದೇ ಹೆಸರು, ಪಾಸ್‌ವರ್ಡ್ ಹಾಕಿ. ಮ್ಯಾಕ್‌ನಲ್ಲಿ ಪಾಸ್‌ವರ್ಡ್‌ಗಳನ್ನು ಇಟ್ಟುಕೊಳ್ಳುವ ಕೀಚೈನ್ ತೆರೆದು ಟ್ಯಾಲಿ ಕಂಪ್ಯೂಟರ್ ಹೆಸರಿನ ಹಳೆಯ ನಮೂದನ್ನು ಮೊದಲು ಅಳಿಸಿ, ಇಲ್ಲದಿದ್ದರೆ ಅದು ಕೇಳದೆಯೇ ತಪ್ಪು ಪಾಸ್‌ವರ್ಡ್ ಕೊಡುತ್ತಲೇ ಇರುತ್ತದೆ. ವಿಂಡೋಸ್‌ನಲ್ಲಿ ಅದೇ ಕೆಲಸದ ಕ್ರೆಡೆನ್ಷಿಯಲ್ ಮ್ಯಾನೇಜರ್‌ಗೆ ಈ ಹೆಸರು, ಪಾಸ್‌ವರ್ಡ್ ಸೇರಿಸಿ.

ಆ 40 ಹಾಳೆಗೆ ಅನುಮತಿ ಕಾರಣವಲ್ಲ. ಉಬುಂಟುವಿನಲ್ಲಿ ಹುಡುಗ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣ ಭಾಷೆಯ ಡ್ರೈವರ್ ಆರಿಸಿದ್ದಾನೆ, ನಿಮ್ಮ ಯಂತ್ರಕ್ಕೆ ಆ ಭಾಷೆ ಬರುವುದಿಲ್ಲ. ಹೀಗಾಗಿ ಆಜ್ಞೆಗಳನ್ನೇ ಪಠ್ಯವೆಂದು ಅಚ್ಚು ಹಾಕಿದೆ. ಮಾದರಿಯ ಹೆಸರಿಗೆ ಸರಿಹೊಂದುವ ಡ್ರೈವರ್ ಆರಿಸಿ.

ಇನ್ನೊಂದು: ಪ್ರಿಂಟರ್‌ನ ಬೆನ್ನು ನೋಡಿ. ಲ್ಯಾನ್ (ನೆಟ್‌ವರ್ಕ್ ತಂತಿಯ) ತೂತು ಇದ್ದರೆ ನೇರವಾಗಿ ರೂಟರ್‌ಗೆ ಜೋಡಿಸಿ ಈ ಶೇರಿಂಗ್ ಸಂಸಾರವನ್ನೇ ಬಿಟ್ಟುಬಿಡಬಹುದು.

ಧಾರವಾಡ ಸಪ್ತಾಪುರ

ಮೆಕ್ಯಾನಿಕ್ ಸರ್ ಹೇಳಿದ್ದು ಸರಿ. ಉಬುಂಟು ಬಗ್ಗೆ ಎರಡು ಮಾತು ಸೇರಿಸುತ್ತೇನೆ. ‘ಮುದ್ರಣ’ದ ಪಾಸ್‌ವರ್ಡ್‌ನಲ್ಲಿ @ ಚಿಹ್ನೆ ಇಡಬೇಡಿ. ಪ್ರಿಂಟರ್ ವಿಳಾಸದ ಸಾಲಿನಲ್ಲಿ ಪಾಸ್‌ವರ್ಡ್ ಬರೆದರೆ, @ ಬಂದ ಕೂಡಲೇ ಮುಂದಿನದು ಕಂಪ್ಯೂಟರ್ ಹೆಸರು ಎಂದು ಉಬುಂಟುವಿನ ಪ್ರಿಂಟ್ ವ್ಯವಸ್ಥೆ ಕಪ್ಸ್ ತಿಳಿದುಕೊಳ್ಳುತ್ತದೆ. ಇರಲೇಬೇಕೆಂದರೆ ಅದರ ಜಾಗದಲ್ಲಿ %40 ಎಂದು ಬರೆಯಬೇಕು. ನಾನು ಇದೊಂದಕ್ಕೆ ಇಡೀ ಮಧ್ಯಾಹ್ನ ಕಳೆದಿದ್ದೇನೆ. ಎರಡನೆಯದು, ಉಬುಂಟು ಹಾಕುವಾಗ ಮಾಡಿದ ಮೊದಲ ಖಾತೆಗೆ ಪ್ರಿಂಟರ್ ಸೇರಿಸುವ ಅಧಿಕಾರ ತಾನಾಗಿ ಸಿಗುತ್ತದೆ. ಆಮೇಲೆ ಮಾಡಿದ ಸಾಮಾನ್ಯ ಖಾತೆಗಳನ್ನು ಪ್ರಿಂಟರ್ ನಿರ್ವಹಿಸುವವರ ‘ಎಲ್‌ಪಿಅಡ್ಮಿನ್’ ಗುಂಪಿಗೆ ಸೇರಿಸಬೇಕು. ಬರೀ ಪ್ರಿಂಟ್ ತೆಗೆಯುವವರಿಗೆ ಅದು ಬೇಕಿಲ್ಲ.

ಕೇಶ್ವಾಪುರದ ಲೆಕ್ಕದಾಕೆ

ಎಲ್ಲರಿಗೂ ನಮಸ್ಕಾರ. ಪ್ರಿಂಟರ್‌ನ ಬೆನ್ನು ನೋಡಿದೆ. ಯುಎಸ್‌ಬಿ ಪಕ್ಕದಲ್ಲಿ ಚೌಕಾಕಾರದ ಕರಿ ಮುಚ್ಚಳವೊಂದು ಕಂಡು ಬಲು ಹಿಗ್ಗಿದೆ. ಹೇರ್‌ಪಿನ್‌ನಿಂದ ಎಬ್ಬಿಸಿ ತೆಗೆದರೆ ಒಳಗೆ ಬರೀ ಧೂಳು, ಅದರ ಹಿಂದೆ ತಗಡು. ಲ್ಯಾನ್ ಇರುವ ಮಾದರಿಗೆಂದು ಬಿಟ್ಟ ಜಾಗವಂತೆ, ನಮ್ಮದು ಅಗ್ಗದ ಮಾದರಿ. ಮುಚ್ಚಳ ಮತ್ತೆ ಕೂರುತ್ತಿಲ್ಲ, ಟೇಪು ಹಚ್ಚಿದ್ದೇನೆ.

‘ಮುದ್ರಣ’ ಖಾತೆ ಮಾಡಿದೆ. ಉಬುಂಟು ಈಗ ಒಂದೇ ಸಲ ಪಾಸ್‌ವರ್ಡ್ ಕೇಳಿ ಸುಮ್ಮನಾಗುತ್ತದೆ. ಆದರೆ ಹಾಳೆ ಮಾತ್ರ ಬರುತ್ತಿಲ್ಲ, ಈಗ ನೇರವಾಗಿ ‘ಪ್ರವೇಶ ನಿರಾಕರಿಸಲಾಗಿದೆ’ ಎನ್ನುತ್ತಿದೆ. ಮ್ಯಾಕ್‌ನಲ್ಲೂ ಹಾಗೆಯೇ.

ಬೆಟಗೇರಿ ಮೆಕ್ಯಾನಿಕ್

ಒಳ್ಳೆಯ ಸುದ್ದಿ ಅಕ್ಕಾ, ನೀವು ಅಂಗಳ ದಾಟಿದ್ದೀರಿ, ಈಗ ಒಳಬಾಗಿಲು. ನೀವು ಯಾರೆಂದು ಕಂಪ್ಯೂಟರ್ ಒಪ್ಪಿದೆ, ಪ್ರಿಂಟ್ ತೆಗೆಯುವ ಹಕ್ಕು ಕೊಟ್ಟಿಲ್ಲ. ಟ್ಯಾಲಿ ಕಂಪ್ಯೂಟರ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ಸೆಕ್ಯುರಿಟಿ ಪುಟ ನೋಡಿ. ಸಾಮಾನ್ಯವಾಗಿ ಅಲ್ಲಿ ‘ಎವ್ರಿಒನ್’ ಎಂಬ ಹೆಸರಿದ್ದು ‘ಪ್ರಿಂಟ್’ ಎದುರಿಗೆ ಗುರುತು ಇರುತ್ತದೆ. ಇದೆಯೇ?

ಕೇಶ್ವಾಪುರದ ಲೆಕ್ಕದಾಕೆ

ಇಲ್ಲ! ವಿಚಾರಿಸಿದೆ. ಆ 40 ಹಾಳೆ ಹಾಳಾದದ್ದನ್ನು ಕಂಡ ಸಾಹೇಬರೇ ‘ಕಂಡಕಂಡವರು ಪ್ರಿಂಟ್ ತೆಗೆಯಬಾರದು’ ಎಂದು ಹುಡುಗನಿಗೆ ಹೇಳಿ ‘ಎವ್ರಿಒನ್’ ತೆಗೆಸಿದ್ದರಂತೆ. ನನಗೊಂದು ಮಾತು ಹೇಳಬಾರದಿತ್ತೇ? ತಮ್ಮ ಮ್ಯಾಕ್‌ಗೇ ಬೀಗ ಬಿದ್ದಿದೆ ಎಂದಾಗ ಒಂದು ಕ್ಷಣ ಸುಮ್ಮನಿದ್ದು, ‘ಚಹಾ ಹೇಳು’ ಎಂದರು.

‘ಎವ್ರಿಒನ್’ ವಾಪಸ್ ಸೇರಿಸಲಿಲ್ಲ. ‘ಮುದ್ರಣ’ ಒಂದನ್ನೇ ಸೇರಿಸಿ ‘ಪ್ರಿಂಟ್’ಗೆ ಗುರುತು ಹಾಕಿದೆ. ಅವರ ಮಾತೂ ನಡೆಯಿತು, ನನ್ನ ಕೆಲಸವೂ ಆಯಿತು. ಎರಡು ಉಬುಂಟು, ಎರಡು ವಿಂಡೋಸ್, ಎಲ್ಲದರಿಂದಲೂ ಬರುತ್ತಿದೆ. ಸಾಲಿನಲ್ಲಿ ಸಿಕ್ಕಿದ್ದ ಹಳೆಯ ಪ್ರಿಂಟ್‌ಗಳನ್ನು ಅಳಿಸಲು ಮರೆತು, ಒಂದೇ ಬ್ಯಾಲೆನ್ಸ್ ಶೀಟ್ ಒಂಬತ್ತು ಸಲ ಬಂತು. ಅದನ್ನು ಗಿರ್ಮಿಟ್ ಅಂಗಡಿಗೆ ಕೊಡಲಿಲ್ಲ, ಹರಿದೆ.

ಮ್ಯಾಕ್ ಒಂದು ಬಾಕಿ. ಅಲ್ಲಿಂದ ಕೊಟ್ಟರೆ ಪ್ರಿಂಟರ್ ಕಿತ್ತಳೆ ದೀಪ ಮಿಣುಕಿಸುತ್ತಾ ಕಾಗದ ಕೇಳುತ್ತದೆ. ಟ್ರೇ ತುಂಬ ಕಾಗದ ಇದೆ.

ಧಾರವಾಡ ಸಪ್ತಾಪುರ

ಅದು ಅನುಮತಿಯ ವಿಷಯವಲ್ಲ ಅಕ್ಕಾ. ಮ್ಯಾಕ್‌ನಲ್ಲಿ ಕಾಗದದ ಅಳತೆ ‘ಯುಎಸ್ ಲೆಟರ್’ ಎಂದಿರಬೇಕು, ನಿಮ್ಮ ಟ್ರೇಯಲ್ಲಿರುವುದು ಎ4. ಪ್ರಿಂಟರ್ ಸೆಟ್ಟಿಂಗ್‌ನಲ್ಲಿ ಮೂಲ ಅಳತೆಯನ್ನೇ ಎ4 ಮಾಡಿ.

ಕೇಶ್ವಾಪುರದ ಲೆಕ್ಕದಾಕೆ

ಬಂತು.