ಕೂಳೆ ಸುಟ್ಟ ಹೊಗೆ ಅಳೆಯಬೇಕು, ಲೆಕ್ಕ ಗಟ್ಟಿಯಾಗಿರಲು ಏನೇನು ಬರೆದಿಡಲಿ?

ಕಾರಟಗಿ ಟೀಚರ್:

ಎಲ್ಲರಿಗೂ ನಮಸ್ಕಾರ. ಕಾರಟಗಿ ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಯ ಮೂರು ಕಡೆಗೂ ನೆಲ್ಲಿನ ಗದ್ದೆ. ಕಟಾವು ಮಷಿನ್ ಬಂದು ಹೋದ ಮೇಲೆ ಗದ್ದೆಯಲ್ಲಿ ಉಳಿದ ಕೂಳೆಗೆ, ಹುಲ್ಲಿಗೆ ಬೆಂಕಿ ಹಚ್ಚುತ್ತಾರೆ. ಮುಂಗಾರು ಬೆಳೆ ಮುಗಿದಾಗ ಒಮ್ಮೆ, ಬೇಸಿಗೆ ಬೆಳೆ ಮುಗಿದಾಗ ಇನ್ನೊಮ್ಮೆ.

ಬಿಸಿಯೂಟದ ತಟ್ಟೆ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿರುತ್ತೇವೆ. ಬೆಳಿಗ್ಗೆ ಬಂದು ನೋಡಿದರೆ ಒಂದೊಂದರ ಮೇಲೂ ಸುಟ್ಟ ಹುಲ್ಲಿನ ಕರಿ ಎಳೆಗಳು. ಮುಟ್ಟಿದರೆ ಪುಡಿಯಾಗಿ ಬೆರಳಿಗೆ ಮಸಿ. ಎಂಟನೇ ತರಗತಿಯ ಒಬ್ಬ ಹುಡುಗಿಗೆ ಉಬ್ಬಸ ಇದೆ. ಆ ವಾರಗಳಲ್ಲಿ ಅವಳ ಬ್ಯಾಗಿನಲ್ಲಿ ಪುಸ್ತಕದ ಜೊತೆ ಇನ್ಹೇಲರ್ ಇರಲೇಬೇಕು. ನನಗೆ ಇದು ಸುಮ್ನೆ ಒಂದು ಪ್ರಾಜೆಕ್ಟ್ ಅಲ್ಲ.

ಶಾಲೆಯ ತಾರಸಿ ಮೇಲೆ ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ತೀರಾ ಸಣ್ಣ ಕಣ, ಅಳೆಯುವ ಸಣ್ಣ ಸೆನ್ಸರ್ ಇಟ್ಟಿದ್ದೇವೆ. ಸಂಜೆ ಆರರ ನಂತರ ಅಂಕಿ ಸರ್ರನೆ ಏರುತ್ತದೆ. ಆದರೆ ಊರಲ್ಲಿ ಅಕ್ಕಿ ಗಿರಣಿಗಳಿವೆ, ಅವುಗಳ ಬಾಯ್ಲರಿಗೆ ಹೊಟ್ಟು ಉರಿಸುತ್ತಾರೆ. ರಸ್ತೆ ಧೂಳಿದೆ, ಒಲೆ ಹೊಗೆಯಿದೆ, ದೀಪಾವಳಿ ಪಟಾಕಿಯೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಏರಿದ್ದು ಕೂಳೆ ಹೊಗೆಯಿಂದಲೇ ಎಂದು ಹೇಗೆ ತೋರಿಸಲಿ? ಮಕ್ಕಳ ಕೈಯಲ್ಲಿ ಏನೇನು ಬರೆಸಲಿ?

ಬಳ್ಳಾರಿ ಹವಾ:

ಮೇಡಂ, ತುಂಬಾ ಒಳ್ಳೆಯ ಕೆಲಸ. ನಾನು ಪರಿಸರ ವಿಜ್ಞಾನ ಓದಿದವನು, ಇಂಥ ಸೆನ್ಸರ್‌ಗಳ ಜೊತೆಗೇ ದಿನ ಕಳೆಯುತ್ತೇನೆ.

ಮೊದಲು ತಟ್ಟೆಯ ಮೇಲಿನ ಕರಿ ಎಳೆಯ ವಿಚಾರ. ಅದು ದಪ್ಪ ಬೂದಿ, ಮೂಗು ಗಂಟಲಲ್ಲೇ ನಿಲ್ಲುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು 2.5 ಮೈಕ್ರಾನ್‌ಗಿಂತ ಸಣ್ಣ ಕಣ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಒಂದೊಂದಾಗಿ ಅದು ಕಣ್ಣಿಗೆ ಕಾಣುವುದೇ ಇಲ್ಲ. ರಸ್ತೆ ಧೂಳು ಬಹುಪಾಲು ದಪ್ಪ ಕಣ, ಹೊಗೆ ಬಹುಪಾಲು ಸಣ್ಣ ಕಣ. ಹಾಗಾಗಿ ನೀವು ಪಿಎಂ 2.5 ಹಿಡಿದದ್ದು ಸರಿ. ಅದೇ ಸೆನ್ಸರ್ ತೋರಿಸುವ ಪಿಎಂ 10 (10 ಮೈಕ್ರಾನ್‌ವರೆಗಿನ ಕಣ) ಅಂಕಿಯನ್ನು ಮಾತ್ರ ನಂಬಬೇಡಿ, ದಪ್ಪ ಧೂಳನ್ನು ಅದು ಸರಿಯಾಗಿ ಹಿಡಿಯುವುದಿಲ್ಲ.

ಎರಡನೆಯದು ತೇವ. ಈ ಸೆನ್ಸರ್‌ಗಳು ಕಣದ ಮೇಲೆ ಲೇಸರ್ ಬೆಳಕು ಬಿಟ್ಟು ಅಳೆಯುತ್ತವೆ. ಇಬ್ಬನಿ ಬಿದ್ದ ರಾತ್ರಿ ಕಣ ನೀರು ಕುಡಿದು ಉಬ್ಬುತ್ತದೆ, ಅಂಕಿ ಇರುವುದಕ್ಕಿಂತ ಜಾಸ್ತಿ ಬರುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಪರ್ಪಲ್‌ಏರ್ ಎಂಬ ಕಂಪನಿಯ ಇಂಥದೇ ಸೆನ್ಸರ್‌ಗೆ ಒಂದು ತಿದ್ದುಪಡಿ ಕೊಟ್ಟಿದೆ. ಓದಿದ ಅಂಕಿಯನ್ನು 0.524ರಿಂದ ಗುಣಿಸಿ, ತೇವಾಂಶದ ಶೇಕಡಾ ಅಂಕಿಯನ್ನು 0.0862ರಿಂದ ಗುಣಿಸಿ ಅದರಿಂದ ಕಳೆದು, 5.75 ಕೂಡಿಸಬೇಕು. ಸೆನ್ಸರ್ 200 ತೋರಿಸಿ ತೇವಾಂಶ 80 ಇದ್ದರೆ ಸುಮಾರು 104 ಬರುತ್ತದೆ. ನೋಡಿ, ಅರ್ಧಕ್ಕರ್ಧ! ಆ ಸೂತ್ರ ಅಲ್ಲಿಯ ಗಾಳಿಗೆ ಮಾಡಿದ್ದು, ಹಾಗೆಯೇ ತಂದು ಹಚ್ಚಬೇಡಿ. ಕೊಪ್ಪಳದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಕೇಂದ್ರ ಇದೆ. ಅನುಮತಿ ಕೇಳಿ ಅದರ ಪಕ್ಕ ಕೆಲವು ದಿನ ನಿಮ್ಮ ಸೆನ್ಸರ್ ಇಡಿ, ಎರಡನ್ನೂ ಹೋಲಿಸಿ ನಿಮ್ಮದೇ ತಿದ್ದುಪಡಿ ಮಾಡಿಕೊಳ್ಳಿ. ಆಮೇಲೆ 24 ಗಂಟೆಯ ಸರಾಸರಿ ತೆಗೆಯಿರಿ. ನಮ್ಮ ದೇಶದ ಮಿತಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಇನ್ನು ಬೆಂಕಿ ಹಚ್ಚಿದ ಹೊತ್ತು. ಇದನ್ನು ಮಕ್ಕಳೇ ಬರೆಯಬೇಕು. ನಾಸಾದ ವೆಬ್‌ಸೈಟಿನಲ್ಲಿ ಬೆಂಕಿಯ ಚುಕ್ಕಿಗಳು ಸಿಗುತ್ತವೆ, ನಿಜ. ಆದರೆ ಅದರ ಮುಖ್ಯ ಉಪಗ್ರಹಗಳು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ನಡುರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಸಂಜೆ ಹಚ್ಚಿ ರಾತ್ರಿ ಊಟದ ಹೊತ್ತಿಗೆ ಆರಿದ ಗದ್ದೆ ಅದರಲ್ಲಿ ಬರುವುದೇ ಇಲ್ಲ. ಯಾವ ದಿಕ್ಕಿನ ಗದ್ದೆ, ಎಷ್ಟು ಎಕರೆ, ಎಷ್ಟು ಹೊತ್ತಿಗೆ ಹಚ್ಚಿದರು, ಗಾಳಿ ಯಾವ ಕಡೆಯಿಂದ, ಹೊಗೆ ಬೆಳ್ಳಗಿತ್ತೋ ಕಪ್ಪಗಿತ್ತೋ, ಎಲ್ಲ ಬರೆಸಿ. ಏನೂ ಸುಡದ ದಿನಗಳನ್ನೂ ಬಿಡಬೇಡಿ. ಗಿರಣಿ, ಒಲೆ ಆ ದಿನವೂ ಉರಿಯುತ್ತವೆ ಅಲ್ವಾ? ಸುಡದ ಸಂಜೆಯ ಅಂಕಿಯೇ ನಿಮ್ಮ ಅಡಿಪಾಯ.

ಎಡದಂಡೆ ರೈತ:

ಟೀಚರಮ್ಮ, ನಾನು ಸಿಂಧನೂರು ಕಡೆಯವನು. ನಾನೂ ಸುಡುತ್ತೇನೆ. ನಮ್ಮ ಮೊಮ್ಮಗನೂ ಕೆಮ್ಮುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಸಂಜೆಯೇ ಯಾಕೆ ಹಚ್ಚುತ್ತೇವೆ ಕೇಳಿ. ಬೆಳಿಗ್ಗೆ ಹುಲ್ಲು ಇಬ್ಬನಿಗೆ ನೆಂದಿರುತ್ತದೆ, ಹತ್ತುವುದಿಲ್ಲ. ಮಧ್ಯಾಹ್ನ ಗಾಳಿ ಜೋರು. ಪಕ್ಕದವನ ನೆಲ್ಲು ಇನ್ನೂ ನಿಂತಿರುತ್ತದೆ, ಒಂದು ಕಿಡಿ ಹಾರಿದರೆ ಅವನ ಮನೆ ಹಾಳು. ಸಂಜೆ ಗಾಳಿ ನಿಲ್ಲುತ್ತದೆ, ಆಗ ಧೈರ್ಯ ಬರುತ್ತದೆ. ಹುಲ್ಲನ್ನು ಪೆಂಡಿ ಕಟ್ಟುವ ಬೇಲರ್ ಮಷಿನ್ ಸಿಕ್ಕರೆ ಕಟ್ಟಿಸುತ್ತೇವೆ. ಆದರೆ ಎಲ್ಲರ ಕಟಾವೂ ಒಂದೇ ಸಲ, ಮಷಿನ್ ಎಲ್ಲಿಂದ ಬರಬೇಕು? ಮುಂದಿನ ಬೆಳೆಯ ಕಾಲುವೆ ನೀರು ನಮಗಾಗಿ ಕಾಯುವುದಿಲ್ಲ.

ಸುಡಬೇಡಿ ಎಂದು ಹೇಳಿ ಹೋಗುವವರು ಬಹಳ ಜನ. ಎಷ್ಟು ಹೊತ್ತಿಗೆ ಸುಟ್ಟರೆ ಮಕ್ಕಳಿಗೆ ಹೊಗೆ ಕಡಿಮೆ ಎಂದು ಇವತ್ತಿನವರೆಗೆ ಯಾರೂ ಹೇಳಿಲ್ಲ.

ಬಳ್ಳಾರಿ ಹವಾ:

ಅಣ್ಣಾ, ವಿಷಯದ ಗಂಟು ಇರುವುದೇ ಅಲ್ಲಿ. ಗಾಳಿ ನಿಂತ ಸಂಜೆ ಬೆಂಕಿಗೆ ಕ್ಷೇಮ, ಎದೆಗೆ ಕೆಟ್ಟದ್ದು. ಹೊತ್ತು ಮುಳುಗಿದ ಮೇಲೆ ನೆಲ ಬೇಗ ತಣಿಯುತ್ತದೆ. ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ. ಆ ಬೆಚ್ಚನೆಯ ಪದರ ಮುಚ್ಚಳ ಹಾಕಿದ ಹಾಗೆ ಕೂರುತ್ತದೆ, ಹೊಗೆ ಊರೊಳಗೇ ಸುಳಿಯುತ್ತದೆ. ಮಧ್ಯಾಹ್ನವಾದರೆ ಬಿಸಿ ಗಾಳಿ ಮೇಲೇಳುತ್ತಾ ಹೊಗೆಯನ್ನೂ ಎತ್ತಿಕೊಂಡು ಹೋಗುತ್ತದೆ. ಜೊತೆಗೆ ಹುಲ್ಲು ಒಣಗಿರುತ್ತದೆ. ಹಸಿ ಹುಲ್ಲು ಉರಿಯದೆ ಕಮರುತ್ತಾ ಬೆಳ್ಳನೆ ಹೊಗೆ ಬಿಡುತ್ತದಲ್ಲ, ಒಂದು ಕಿಲೋ ಹುಲ್ಲಿಗೆ ಲೆಕ್ಕ ಹಾಕಿದರೆ ಸಣ್ಣ ಕಣ ಅದರಲ್ಲೇ ಜಾಸ್ತಿ.

ಅಮೆರಿಕದ ಫ್ಲಾರಿಡಾದಲ್ಲಿ ಕಾಡಿಗೆ ಬೇಕೆಂದೇ, ಲೆಕ್ಕ ಹಾಕಿ ಬೆಂಕಿ ಕೊಡುತ್ತಾರೆ. ಗಾಳಿಯ ವೇಗ, ತೇವ, ಹೊಗೆ ಎಷ್ಟು ಎತ್ತರ ಏರುತ್ತದೆ, ಎಲ್ಲ ನೋಡಿಯೇ ಅನುಮತಿ. ಅಲ್ಲೂ ತಪ್ಪಿದ್ದುಂಟು. 2008ರ ಜನವರಿಯಲ್ಲಿ ಅಂಥ ಒಂದು ಬೆಂಕಿ ಕೈ ಮೀರಿ, ಹೊಗೆ ಮಂಜಿನ ಜೊತೆ ಸೇರಿ ಹೆದ್ದಾರಿಯಲ್ಲಿ ಸುಮಾರು 70 ವಾಹನ ಡಿಕ್ಕಿಯಾದವು, 5 ಜನ ಸತ್ತರು. ಗಂಗಾವತಿ–ಸಿಂಧನೂರು ರಸ್ತೆಯಲ್ಲಿ ರಾತ್ರಿ ಲಾರಿ ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಧ್ಯಾಹ್ನ ಹಚ್ಚಿ ಎಂದು ನಾನು ಈಗಲೇ ಹೇಳುವುದಿಲ್ಲ, ಪಕ್ಕದ ಬೆಳೆ ಹೋದರೆ ಯಾರು ಹೊಣೆ? ಟೀಚರ್ ಅಳತೆಯಲ್ಲಿ ಎರಡೂ ಹೊತ್ತಿನ ಬೆಂಕಿ ಸಿಕ್ಕರೆ ಮಾತಾಡಲು ಆಧಾರ ಸಿಗುತ್ತದೆ.

ಕಾರಟಗಿ ಟೀಚರ್:

ಇಬ್ಬರಿಗೂ ಧನ್ಯವಾದ. ಅಕ್ಕಪಕ್ಕದ ಗದ್ದೆಯವರು ಹೆಚ್ಚಾಗಿ ನಮ್ಮ ಮಕ್ಕಳ ಅಪ್ಪಂದಿರೇ. ಹಚ್ಚುವ ಮೊದಲು ಒಂದು ಫೋನ್ ಮಾಡಿ ಎಂದು ಪೋಷಕರ ಸಭೆಯಲ್ಲಿ ಕೇಳುತ್ತೇನೆ. ಸುತ್ತಲ ಕಟಾವು ಮುಗಿದು, ಬೆಂಕಿ ದಾಟದಂತೆ ಅಂಚಿಗೆ ನೇಗಿಲ ಸಾಲು ಹೊಡೆದ ಗದ್ದೆಯವರು ತಾವಾಗಿಯೇ ಹಗಲಲ್ಲಿ ಹಚ್ಚಿದರೆ ಅದನ್ನು ಬೇರೆ ಪುಟದಲ್ಲಿ ಬರೆಸುತ್ತೇನೆ.

ಹವಾ ಸರ್, ನವೆಂಬರಿನಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಪೂರ್ವದಿಂದ. ಹಾಗಿದ್ದರೆ ಊರಿನ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಸೆನ್ಸರ್ ಬೇಕಲ್ವಾ? ಇನ್ನೊಂದು ಸೆನ್ಸರ್ ಇರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಕರೆಂಟು, ವೈಫೈ ಎರಡೂ ಇರುವ ಮನೆ ಹುಡುಕಿಕೊಡುವ ಹೊಣೆ ನನ್ನದು.