ತುರ್ತು: ಸೈಟೊಸ್ಕೆಲಿಟನ್‌ಗೆ ಕನ್ನಡದಲ್ಲಿ ಏನನ್ನೋಣ?

ಬಲ್ಲವರೇ,
ವಿಜ್ಞಾನ ಪ್ರದರ್ಶನದ ಫಲಕವೊಂದು ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ವಿಷಯ ಸೈಟೊಸ್ಕೆಲಿಟನ್, ಅಂದರೆ ಜೀವಕೋಶದ ಆಕಾರ ಹಿಡಿದಿಡುವ ಪ್ರೋಟೀನು ಎಳೆಗಳ ಜಾಲ. ನಾನು ಬರೆದಿಟ್ಟ ತಲೆಬರಹ: ‘ಸಂಕೇತ ಪ್ರೋಟೀನುಗಳು ಕೋಶಾಸ್ಥಿಪಂಜರವನ್ನು ನಿಯಂತ್ರಿಸುವ ಬಗೆ: ಆರೋಗ್ಯದಲ್ಲಿ, ರೋಗದಲ್ಲಿ’. ಚಿತ್ರದಲ್ಲಿ ಕೋಶದೊಳಗೆ ಸುದ್ದಿ ಮುಟ್ಟಿಸುವ ಇಂಥ ಮೂರು ಪ್ರೋಟೀನುಗಳಿವೆ. ರೋ ಎಂಬುದು ಆ ಜಾಲದ ಆಕ್ಟಿನ್ ಎಳೆಗಳನ್ನು ಕಟ್ಟುಕಟ್ಟಾಗಿ ಬಿಗಿಯುತ್ತದೆ, ರ‍್ಯಾಕ್ ಕೋಶದ ಅಂಚಿನಲ್ಲಿ ನಿರಿಗೆ ಎಬ್ಬಿಸುತ್ತದೆ, ಸಿಡಿಸಿ42 ಬೆರಳಿನಂಥ ಚಾಚುಗಳನ್ನು ಹೊರಡಿಸುತ್ತದೆ. ಕರಡು ಓದಿದ ಮಗಳು ‘ಕೋಶದೊಳಗೆ ಮೂಳೆ ಇರುತ್ತಾ?’ ಅಂದಳು. ಅಲ್ಲಿಗೆ ನನ್ನ ಧೈರ್ಯ ಹೋಯಿತು.
— ಫಲಕದವ

ಮಗಳು ಸರಿಯಾಗೇ ಕೇಳಿದ್ದಾಳೆ. ಗ್ರೀಕಿನ ‘ಸ್ಕೆಲೆಟೋಸ್’ ಅಂದರೆ ಒಣಗಿದ್ದು. ಇಲ್ಲಿ ಒಣಗಿದ್ದೇನೂ ಇಲ್ಲ. 7 ನ್ಯಾನೊಮೀಟರ್ ದಪ್ಪದ ಆಕ್ಟಿನ್ ಎಳೆ ಒಂದು ತುದಿಯಲ್ಲಿ ಬೆಳೆಯುತ್ತಿರುವಾಗಲೇ ಇನ್ನೊಂದು ತುದಿಯಲ್ಲಿ ಕಳಚುತ್ತಿರುತ್ತದೆ. ಚಿತ್ರದ ಮೂರೂ ಪ್ರೋಟೀನುಗಳು ಸೇರಿದ ರೋ ಬಳಗದ್ದು ಸ್ವಿಚ್ಚಿನ ಕೆಲಸ: ಜಿಟಿಪಿ ಎಂಬ ಪುಟ್ಟ ಅಣು ಅಂಟಿದರೆ ಚಾಲೂ, ಅದು ಜಿಡಿಪಿಯಾದರೆ ಬಂದ್. (ಅರ್ಥಶಾಸ್ತ್ರದ ಜಿಡಿಪಿ ಅಲ್ಲ ಮಾರಾಯರೆ.) ಎಬ್ಬಿಸಿ, ಬಿಚ್ಚಿ, ಬೇರೆಡೆ ಮತ್ತೆ ಎಬ್ಬಿಸುವುದಕ್ಕೆ ನಮ್ಮಲ್ಲಿ ಹಂದರ ಅನ್ನುವ ಪದವಿದೆ. ‘ಕೋಶಹಂದರ’ ಅನ್ನಿ.
‘ಸಂಕೇತ ಪ್ರೋಟೀನು’ ಕೂಡ ಬೇಡ. ಯಾವುದೋ ಲಾಂಛನದ ಹಾಗೆ ಕೇಳುತ್ತದೆ. ‘ಸಂಜ್ಞಾ ಪ್ರೋಟೀನು’ ವಾಸಿ.
— ಸೂಕ್ಷ್ಮದರ್ಶಿ

ಕೋಶ ಸಂಸ್ಕೃತ, ಹಂದರ ಕನ್ನಡ. ಎರಡನ್ನೂ ಬೆಸೆದರೆ ಅರಿಸಮಾಸ, ಹೊಂದದ ಜೋಡಿ. ವ್ಯಾಕರಣಕಾರ ಕೇಶಿರಾಜ ಬೇಡವೆಂದದ್ದು 13ನೇ ಶತಮಾನದಲ್ಲಿ. ‘ಕೋಶಪಂಜರ’ ಇರುವಾಗ ಈ ಕಲಬೆರಕೆ ಯಾಕೆ? ಅಷ್ಟಕ್ಕೂ ಹಂದರ ಹುಟ್ಟಿದ್ದೇ ಪಂಜರದಿಂದ. ಪಕಾರ ಹಕಾರವಾಗಿದೆ, ಅಷ್ಟೆ.
— ಸೂತ್ರಧಾರಿ

ಪಾಲು ಹಾಲಾದದ್ದು ಎಲ್ಲರಿಗೂ ಗೊತ್ತು. ‘ಂಜ’ ‘ಂದ’ ಆದದ್ದು ಯಾವ ಸೂತ್ರದಿಂದ, ಸ್ವಾಮಿ? ಹಂದರ ಹಳಗನ್ನಡದ ಪಂದರ್, ತಮಿಳಿನ ಪಂದಲ್‌ನ ಒಡಹುಟ್ಟು. ಪಂಜರಕ್ಕೂ ಇದಕ್ಕೂ ಸಂಬಂಧವಿಲ್ಲ. ಪಂಜರ ಕೂಡಿಹಾಕುತ್ತದೆ. ಬಿಳಿ ರಕ್ತಕಣ ಸೋಂಕಿನ ಕಡೆ ತೆವಳುವುದು ಈ ಎಳೆಗಳ ಬಲದಿಂದಲೇ. ‘ರೈಲುನಿಲ್ದಾಣ’ ಅನ್ನುವಾಗ ನಿಮ್ಮ ಕೇಶಿರಾಜ ಎಲ್ಲಿಗೆ ಹೋಗಿರುತ್ತಾರೆ?
— ಬೇರುಬಿಳಲು

ಪ್ರೋಟೀನು, ಆಕ್ಟಿನ್, ರ‍್ಯಾಕ್ ಎಲ್ಲ ಹಾಗೇ ಬಂದಿವೆ. ಸೈಟೊಸ್ಕೆಲಿಟನ್ ಒಂದಕ್ಕೇ ಮಡಿಯೆ? ಆಮ್ಲಜನಕ ಅಂತ ಅನುವಾದಿಸಿಕೊಂಡೆವು. ಆಮ್ಲಕ್ಕೆಲ್ಲ ಅದೇ ಮೂಲ ಅನ್ನುವ ರಸಾಯನವಿಜ್ಞಾನಿ ಲವಾಸಿಯೇ ಅವರ ಊಹೆ ತಪ್ಪಾಗಿತ್ತು. ಆ ತಪ್ಪು ಇವತ್ತಿಗೂ ನಮ್ಮ ಪಠ್ಯಪುಸ್ತಕದಲ್ಲಿದೆ.
— ಎರವಲು

ತಪ್ಪು ಗ್ರೀಕಿನ ಹೆಸರಿನಲ್ಲೂ ಇದೆ. ಆಕ್ಸಿಜನ್ ಅಂದರೂ ಅದೇ ಅರ್ಥ. ಎರವಲು ತಂದರೆ ತಪ್ಪು ಕಾಣುವುದಿಲ್ಲ, ಅಷ್ಟೇ ಲಾಭ.
— ಬೇರುಬಿಳಲು

ಕೋಶವೂ ಬೇಡ, ‘ಸೂಲುಗೂಡಿನ ಹಂದರ’ ಅಂದರೆ ಅಚ್ಚಕನ್ನಡ.
— ತಿಳಿಗನ್ನಡ

ಸೂಲು ಅಂದರೆ ಹೆರಿಗೆ. ಫಲಕವನ್ನು ಹೆರಿಗೆ ವಾರ್ಡಿನಲ್ಲಿ ಹಾಕುವುದಿಲ್ಲವಲ್ಲ?
— ಸೂತ್ರಧಾರಿ

ಜಗಳ ಆಮೇಲೆ ಆಡಿ. ‘ಜೀವಕೋಶದ ಹಂದರ’ ಅಂತ ವಿಭಕ್ತಿ ಉಳಿಸಿಕೊಂಡರೆ ಸಮಾಸವೇ ಆಗುವುದಿಲ್ಲ. ಇನ್ನು ಅರಿ ಎಲ್ಲಿಯದು? ರೋಗದ ಭಾಗಕ್ಕೆ ವಿಸ್ಕಾಟ್-ಆಲ್ಡ್ರಿಚ್ ಕಾಯಿಲೆ ಹಾಕಿ. ಅಲ್ಲಿ ಸಿಡಿಸಿ42ರ ಮಾತು ಕೇಳಿ ಆಕ್ಟಿನ್ ಕವಲೊಡೆಸಬೇಕಾದ ಪ್ರೋಟೀನೇ ಕೆಟ್ಟಿರುತ್ತದೆ. ಪ್ಲೇಟ್‌ಲೆಟ್ ಕಡಿಮೆ, ಇರುವವೂ ಸಣ್ಣವು, ಸೋಂಕು ಪದೇ ಪದೇ. ‘ಹಂದರ ಕಟ್ಟುವ ಆಳಿಗೆ ಸನ್ನೆ ತಿಳಿಯದು’ ಅಂದರೆ ಮಗಳಿಗೂ ಅರ್ಥವಾಗುತ್ತದೆ.
— ಸೂಕ್ಷ್ಮದರ್ಶಿ

‘ಸಂಜ್ಞಾ ಪ್ರೋಟೀನುಗಳು ಜೀವಕೋಶದ ಹಂದರವನ್ನು ಹತೋಟಿಯಲ್ಲಿಡುವ ಬಗೆ’ ಎಂದು ಕಳಿಸಿಬಿಟ್ಟೆ. ಎಲ್ಲರಿಗೂ ನಮಸ್ಕಾರ.
— ಫಲಕದವ

ಪ್ರೋಟೀನ್ ವ್ಯಂಜನಾಂತ. ಆ ಉಕಾರ ಎಲ್ಲಿಂದ ಬಂತು?
— ಸೂತ್ರಧಾರಿ